ಅಪಧಮನಿಗೆ ಸೂಜಿ ಚುಚ್ಚದೆ ಮೆದುಳಿನ ರಕ್ತಹರಿವನ್ನು ಅಳೆಯಲು ಬರುತ್ತದೆಯೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಕತ್ತಿನ ಎಡಗಡೆಯ ಕ್ಯಾರಟಿಡ್ ಅಪಧಮನಿ ಪೂರ್ತಿ ಮುಚ್ಚಿದೆ, ಬಲಗಡೆಯದೂ ಮುಕ್ಕಾಲು ಪಾಲು ಕಿರಿದಾಗಿದೆ. ಬಲಗೈ ಒಂದೆರಡು ಸಲ ಸ್ವಲ್ಪ ಹೊತ್ತು ಸ್ವಾಧೀನ ತಪ್ಪಿ ಮತ್ತೆ ಸರಿಹೋಗಿತ್ತು. ಮೊನ್ನೆ ಮೆದುಳಿನ ಸ್ಪೆಕ್ಟ್ ಸ್ಕ್ಯಾನ್ (ವಿಕಿರಣ ಸೂಸುವ ಔಷಧಿ ಕೊಟ್ಟು ಅದು ಎಲ್ಲಿ ಎಷ್ಟು ಸೇರಿತೆಂದು ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ) ಮಾಡಿಸಿದೆವು. "ಎಡ ಅರ್ಧಗೋಳದ ರಕ್ತಪೂರೈಕೆ ಬಲಕ್ಕಿಂತ ಶೇ. 18ರಷ್ಟು ಕಡಿಮೆ" ಎಂದು ವರದಿಯಲ್ಲಿ ಬರೆದಿದ್ದಾರೆ.

ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ಬಲಗಡೆಯೂ ಕಾಯಿಲೆ ಬಿದ್ದ ಭಾಗವೇ ತಾನೆ? ಅದಕ್ಕೆ ಹೋಲಿಸಿ ಎಡಕ್ಕೆ 18 ಕಡಿಮೆ ಎಂದರೆ ಒಟ್ಟಾರೆ ಎಷ್ಟು ಕಡಿಮೆ? ಕೇಳಿದ್ದಕ್ಕೆ ವೈದ್ಯರು, ನಿಜವಾದ ಅಂಕಿ ಬೇಕೆಂದರೆ ಸ್ಕ್ಯಾನ್ ನಡೆಯುವಾಗಲೇ ಕೈಯ ಅಪಧಮನಿಯಿಂದ ಮತ್ತೆ ಮತ್ತೆ ರಕ್ತ ತೆಗೆಯಬೇಕಾಗುತ್ತದೆ, ಅದನ್ನು ಇಲ್ಲಿ ಮಾಡುವುದಿಲ್ಲ ಎಂದರು. ಸ್ಕ್ಯಾನ್ ಎಂದರೆ ಹೊರಗಿನಿಂದ ನೋಡುವುದಲ್ಲವೇ, ಅದಕ್ಕೆ ಅಪಧಮನಿಯ ರಕ್ತ ಏಕೆ ಬೇಕು? ಆ ಚುಚ್ಚುವಿಕೆ ಇಲ್ಲದೆ ಅಂಕಿ ಪಡೆಯುವ ದಾರಿ ಎಲ್ಲಿಯೂ ಇಲ್ಲವೇ?

ನರಮಂಡಲ

ತುಂಗಾತೀರ ಅವರೇ, ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಬಿದ್ದಿದೆ. ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವವನು. ಸಾಮಾನ್ಯ ಸ್ಪೆಕ್ಟ್ ಚಿತ್ರ ತೋರಿಸುವುದು ಹಂಚಿಕೆಯನ್ನು, ಪ್ರಮಾಣವನ್ನಲ್ಲ. ಮೆದುಳಿನ ಯಾವ ಭಾಗಕ್ಕೆ ಉಳಿದವುಗಳಿಗಿಂತ ಹೆಚ್ಚು ಹೋಗಿದೆ, ಯಾವುದಕ್ಕೆ ಕಡಿಮೆ ಹೋಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಒಂದು ಕಡೆ ಆರೋಗ್ಯವಾಗಿದ್ದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ. ಎರಡೂ ಕಡೆ ಸಮನಾಗಿ ಕುಗ್ಗಿದ್ದರೆ ಚಿತ್ರ ನೋಡಲು ಚೆನ್ನಾಗಿಯೇ ಇರುತ್ತದೆ, ರೋಗಿ ಮಾತ್ರ ಚೆನ್ನಾಗಿರುವುದಿಲ್ಲ.

ಅದಕ್ಕಾಗಿ ಕೆಲವರು ಹಿಂಬದಿಯ ಕಿರುಮೆದುಳನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ ರಕ್ತ ಬರುವುದು ಬೇರೆ ದಾರಿಯಿಂದ. ಅದೂ ಪೂರ್ತಿ ನಂಬುವಂಥದ್ದಲ್ಲ. ಮೇಲ್ಮೆದುಳಿನ ಒಂದು ಕಡೆ ದೊಡ್ಡ ಪೆಟ್ಟಾದರೆ ಎದುರು ಬದಿಯ ಕಿರುಮೆದುಳಿನ ರಕ್ತಹರಿವು ಅದರ ರಕ್ತನಾಳದಲ್ಲಿ ಯಾವ ದೋಷವೂ ಇಲ್ಲದೆ ಕುಗ್ಗುತ್ತದೆ. ನರತಂತುಗಳ ಮೂಲಕ ಬರುವ ಕೆಲಸವೇ ಕಡಿಮೆಯಾಗುವುದು ಅದಕ್ಕೆ ಕಾರಣ. 1980ರಲ್ಲಿಯೇ ಇದು ಪೆಟ್ ಎಂಬ ಇನ್ನೊಂದು ಬಗೆಯ ವಿಕಿರಣ ಸ್ಕ್ಯಾನಿನ ಚಿತ್ರಗಳಲ್ಲಿ ಕಂಡಿತ್ತು.

ಹಾಗಿದ್ದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಹೆಚ್ಚಿನ ರೋಗಿಗಳಲ್ಲಿ ಚಿಕಿತ್ಸೆ ನಿರ್ಧರಿಸಲು ಅಂಕಿ ಬೇಕಾಗುವುದಿಲ್ಲ. ಅಸೆಟಜೋಲಮೈಡ್ ಕೊಟ್ಟು ಎರಡನೆಯ ಚಿತ್ರ ತೆಗೆದರೆ ಸಾಕು. ಈ ಔಷಧಿಯಿಂದ ಆರೋಗ್ಯವಂತ ರಕ್ತನಾಳ ಹಿಗ್ಗಿ ಹರಿವು ಮೂರನೇ ಒಂದು ಭಾಗವೋ ಇನ್ನೂ ಜಾಸ್ತಿಯೋ ಏರುತ್ತದೆ. ರಕ್ತ ಸಾಲದೆ ಆಗಲೇ ತುದಿಯವರೆಗೆ ಹಿಗ್ಗಿ ನಿಂತ ನಾಳಕ್ಕೆ ಮತ್ತೆ ಹಿಗ್ಗಲು ಜಾಗವಿರುವುದಿಲ್ಲ. ಯಾವ ಭಾಗದ ಮೀಸಲು ಮುಗಿದಿದೆ ಎಂಬುದು ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಕಾಣುತ್ತದೆ.

ಕಪ್ಪುಹಲಗೆ

ಡಾಕ್ಟರರು ಅರ್ಧ ಉತ್ತರ ಕೊಟ್ಟು "ಬೇಕಾಗುವುದಿಲ್ಲ" ಎಂದುಬಿಟ್ಟರು. ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಆ ಹುಡುಗಿ ಕೇಳಿದ್ದು ಅಪಧಮನಿಯ ರಕ್ತ ಏಕೆ ಬೇಕು ಎಂದು.

ಗದ್ದೆಯಲ್ಲಿ ನಿಂತ ನೀರನ್ನಷ್ಟೇ ನೋಡಿ ತೂಬಿನ ಮೂಲಕ ನಿಮಿಷಕ್ಕೆ ಎಷ್ಟು ಬಂತೆಂದು ಹೇಳಲಾಗುವುದಿಲ್ಲ. ಕಾಲುವೆಯಲ್ಲಿ ಯಾವ ಹೊತ್ತಿಗೆ ಎಷ್ಟು ನೀರಿತ್ತು ಎಂಬ ಲೆಕ್ಕವೂ ಬೇಕು. ಮೆದುಳಿನಲ್ಲಿ ಕೂತ ವಿಕಿರಣ ಪದಾರ್ಥವನ್ನು ಕ್ಯಾಮೆರಾ ಎಣಿಸುತ್ತದೆ, ಅದು ಗದ್ದೆಯ ನೀರು. ಕ್ಷಣಕ್ಷಣಕ್ಕೂ ರಕ್ತದಲ್ಲಿ ಆ ಪದಾರ್ಥ ಎಷ್ಟಿತ್ತು ಎಂಬುದನ್ನು ತಿಳಿಯಲು ಅಪಧಮನಿಯ ರಕ್ತ. ಮೊದಲನೆಯದನ್ನು ಎರಡನೆಯದರ ಮೊತ್ತದಿಂದ ಭಾಗಿಸಿದರೆ ಹರಿವಿನ ದರ ಬರುತ್ತದೆ. ಹೃದಯದ ರಕ್ತಹರಿವಿಗೆ ಅಡಾಲ್ಫ್ ಫಿಕ್ 1870ರಲ್ಲಿ ಹೇಳಿದ ಸಂರಕ್ಷಣೆಯ ಲೆಕ್ಕದ ಮಗನೋ ಮೊಮ್ಮಗನೋ ಇದು.

ಮನುಷ್ಯರ ಮೆದುಳಿಗೆ ಅದನ್ನು ಮೊದಲು ಸರಿಯಾಗಿ ಅನ್ವಯಿಸಿದವರು ಫಿಲಡೆಲ್ಫಿಯಾದ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್. 1940ರ ದಶಕದ ಕೆಲಸ. ಅದರಲ್ಲಿ ವಿಕಿರಣವೇ ಇರಲಿಲ್ಲ. ನಗೆ ಅನಿಲವನ್ನು, ಅಂದರೆ ನೈಟ್ರಸ್ ಆಕ್ಸೈಡನ್ನು, ಶೇ. 15ರ ಪ್ರಮಾಣದಲ್ಲಿ 10 ನಿಮಿಷ ಉಸಿರಾಡಿಸಿದರು. ಒಂದು ಸೂಜಿ ಅಪಧಮನಿಯಲ್ಲಿ. ಇನ್ನೊಂದು ಕಿವಿಯ ಕೆಳಗೆ, ಮೆದುಳಿನಿಂದ ರಕ್ತ ಇಳಿದು ಬರುವ ಜುಗುಲಾರ್ ಅಭಿಧಮನಿಯ ಬುಡದಲ್ಲಿ. ಎರಡೂ ಕಡೆಯ ರಕ್ತದಲ್ಲಿ ಅನಿಲದ ಪ್ರಮಾಣ ಹೇಗೆ ಏರುತ್ತದೆ ನೋಡಿ ಹರಿವನ್ನು ಲೆಕ್ಕ ಹಾಕಿದರು. ಆರೋಗ್ಯವಂತ ತರುಣರಲ್ಲಿ ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ 54 ಮಿಲಿಲೀಟರ್. ಎಂಬತ್ತು ವರ್ಷ ಕಳೆದರೂ ನಾವು ಇನ್ನೂ "ಸುಮಾರು 50" ಎಂದೇ ಪಾಠ ಹೇಳುತ್ತೇವೆ, ಅಷ್ಟು ಗಟ್ಟಿ ಅಳತೆ ಅದು. ಕೊರತೆ ಏನೆಂದರೆ ಇಡೀ ಮೆದುಳಿಗೆ ಸೇರಿ ಒಂದೇ ಅಂಕಿ, ಎಡ ಯಾವುದು ಬಲ ಯಾವುದು ಎಂದು ಗೊತ್ತಾಗುವುದಿಲ್ಲ.

ಆ ಕೊರತೆ ನೀಗಿಸಲು ವಿಕಿರಣ ಬಂತು. ಡೆನ್ಮಾರ್ಕಿನ ನೀಲ್ಸ್ ಲಾಸೆನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ 1960ರ ದಶಕದ ಆರಂಭದಲ್ಲಿ ಕ್ರಿಪ್ಟಾನ್-85, ಆಮೇಲೆ ಕ್ಸೆನಾನ್-133 ಬಳಸಿದರು. ಅದನ್ನು ಕತ್ತಿನ ಕ್ಯಾರಟಿಡ್‌ಗೇ ನೇರವಾಗಿ ಹಾಕಿ, ತಲೆಯ ಪಕ್ಕದಲ್ಲಿಟ್ಟ ಎಣಿಕೆಯಂತ್ರಗಳಿಂದ ಯಾವ ಭಾಗದಿಂದ ಎಷ್ಟು ಬೇಗ ಅದು ತೊಳೆದುಹೋಗುತ್ತದೆ ಎಂದು ನೋಡಿದರು. 1970ರ ದಶಕದ ಅವರ ಯಂತ್ರದಲ್ಲಿ 254 ಎಣಿಕೆ ಕೊಳವೆಗಳು. ಮಾತನಾಡುವಾಗ, ಬೆರಳು ಆಡಿಸುವಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ನುಗ್ಗುತ್ತದೆ ಎಂದು ಬಣ್ಣದ ನಕ್ಷೆಯಲ್ಲಿ ಕಂಡದ್ದು ಅದರಿಂದ. ಆದರೆ ಕ್ಯಾರಟಿಡ್‌ಗೆ ಸೂಜಿ! ಬೇರೆ ಕಾರಣಕ್ಕೆ ಹೇಗೂ ಆಂಜಿಯೋಗ್ರಾಂ ಆಗುತ್ತಿದ್ದ ರೋಗಿಗಳಲ್ಲಿ ಮಾತ್ರ ಅದು ಸಾಧ್ಯ. ಆಮೇಲೆ ಕ್ಸೆನಾನನ್ನು ಉಸಿರಾಡಿಸುವ ಕ್ರಮ ಬಂತು. ಅಪಧಮನಿಯ ರಕ್ತದ ಬದಲು, ಹೊರಬಿಡುವ ಉಸಿರಿನ ಕೊನೆಯ ಪಾಲಿನಲ್ಲಿ ಎಷ್ಟು ಕ್ಸೆನಾನ್ ಇದೆ ಎಂದು ಅಳೆದರೆ ಆಯಿತು. ಬಹಳ ಜಾಣ ಉಪಾಯ. ಸೂಜಿಯನ್ನು ತಪ್ಪಿಸುವ ಹೋರಾಟ ಈಗ ಶುರುವಾದದ್ದಲ್ಲ ಎಂದು ಹೇಳಲು ಇಷ್ಟುದ್ದ ಬರೆದೆ.

ಅರೆಜ್ಞಾನಿ

ಮೇಷ್ಟ್ರೇ, ನಾನು ಮಧುಮೇಹದವನು, ನನಗೆ ದಿನವೂ ಸೂಜಿಯೇ. ಒಂದು ಸೂಜಿ ಜಾಸ್ತಿಯಾದರೆ ಅಂಥದ್ದೇನು? ಇದಕ್ಕೆ ಎಂಬತ್ತು ವರ್ಷ ತಲೆ ಕೆಡಿಸಿಕೊಳ್ಳಬೇಕೇ?

ಗಾಮಾಗಿರಿ

ಅರೆಜ್ಞಾನಿಗಳೇ, ಬೆರಳ ತುದಿಗೆ ಚುಚ್ಚುವುದಕ್ಕೂ ಮಣಿಕಟ್ಟಿನ ಅಪಧಮನಿಗೆ ನಳಿಕೆ ಹಾಕುವುದಕ್ಕೂ ಅಜಗಜಾಂತರ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞನಾಗಿದ್ದೇನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಪಧಮನಿ ಆಳದಲ್ಲಿರುತ್ತದೆ, ಗೋಡೆ ದಪ್ಪ, ಒತ್ತಡ ಹೆಚ್ಚು, ನೋವು ಹೆಚ್ಚು. ಹಾಕುವ ಮೊದಲು ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿ ಹಿಡಿದು, ಒಂದನ್ನು ಮಾತ್ರ ಬಿಟ್ಟು, ಅಂಗೈಗೆ ಕೆಂಪು ಮರಳುತ್ತದೆಯೇ ಎಂದು ನೋಡುವ ಆಲೆನ್ ಪರೀಕ್ಷೆ ಮಾಡುವ ರೂಢಿಯಿದೆ. ಒಂದು ನಾಳ ಕೆಟ್ಟರೆ ಇನ್ನೊಂದು ಕೈಯನ್ನು ಕಾಪಾಡಬೇಕಲ್ಲ. ಈ ಪರೀಕ್ಷೆಗೆ ಬರುವವರಲ್ಲಿ ಬಹುಪಾಲು ಮಂದಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಿರುತ್ತಾರೆ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಿಸಲು ಎಷ್ಟು ಹೊತ್ತು ಒತ್ತಿ ಹಿಡಿಯಬೇಕೆಂದು ಹಿಡಿದವರಿಗೇ ಗೊತ್ತು.

ಅದು ರೋಗಿಯ ಕಷ್ಟ. ನಮ್ಮ ಕಷ್ಟ ಬೇರೆ. ತೆಗೆದ ಪ್ರತಿ ಮಾದರಿಗೂ ಸೆಕೆಂಡಿನ ಲೆಕ್ಕದಲ್ಲಿ ಹೊತ್ತು ಬರೆಯಬೇಕು, ತೂಕ ಮಾಡಬೇಕು, ಎಣಿಕೆಯಂತ್ರದಲ್ಲಿ ಇಡಬೇಕು. ರಕ್ತದಲ್ಲಿರುವ ವಿಕಿರಣವೆಲ್ಲ ಮೆದುಳಿಗೆ ಹೋಗಬಲ್ಲ ರೂಪದಲ್ಲಿ ಇರುವುದಿಲ್ಲ. ಒಂದು ಪಾಲು ಆಗಲೇ ಬೇರೆ ರಾಸಾಯನಿಕವಾಗಿ ಬದಲಾಗಿರುತ್ತದೆ. ಅದನ್ನು ಆಕ್ಟನಾಲ್ ದ್ರವದಲ್ಲಿ ಕಲಕಿ ಬೇರ್ಪಡಿಸಿ ಮತ್ತೆ ಎಣಿಸಬೇಕು. ಕ್ಯಾಮೆರಾದ ಎಣಿಕೆಗೂ ರಕ್ತದ ಎಣಿಕೆಯಂತ್ರಕ್ಕೂ ತಾಳೆ ಹಾಕಬೇಕು. ಇದಿಷ್ಟನ್ನೂ ವಿಕಿರಣ ಬೆರೆತ ರಕ್ತದ ಪಕ್ಕದಲ್ಲೇ ನಿಂತು ಮಾಡಬೇಕು. ದಿನಕ್ಕೆ ಹತ್ತಾರು ಮೂಳೆ ಸ್ಕ್ಯಾನ್, ಥೈರಾಯ್ಡ್ ಸ್ಕ್ಯಾನ್ ಇರುವ ವಿಭಾಗದಲ್ಲಿ ಇದಕ್ಕೆ ಯಾರು ಕೈ ಹಾಕುತ್ತಾರೆ? ತುಂಗಾತೀರ ಅವರ ವೈದ್ಯರು ಹೇಳಿದ್ದು ಅದನ್ನೇ.

ತುಂಗಾತೀರ

ಗಾಮಾಗಿರಿ ಸರ್, ನಮ್ಮಲ್ಲಿ ಅಮ್ಮನಿಗೆ ಬರೀ ಕೈಗೆ ಇಂಜೆಕ್ಷನ್ ಕೊಟ್ಟು, ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಿಸಿ, ಎಷ್ಟೋ ಹೊತ್ತಾದ ಮೇಲೆ ಸ್ಕ್ಯಾನ್ ಮಾಡಿದರು. ಅಷ್ಟು ಹೊತ್ತಿಗೆ ಔಷಧಿ ಇಳಿದುಹೋಗಿರುವುದಿಲ್ಲವೇ?

ಗಾಮಾಗಿರಿ

ಇಳಿಯುವುದಿಲ್ಲ, ಅದೇ ಅದರ ಸೊಗಸು. ಕೊಟ್ಟದ್ದು ಟೆಕ್ನೀಷಿಯಂ-99ಎಂ ಜೋಡಿಸಿದ ಎಚ್‌ಎಂಪಿಎಒ ಅಥವಾ ಇಸಿಡಿ ಇರಬೇಕು. ಎರಡೂ ಕೊಬ್ಬಿನಲ್ಲಿ ಕರಗುವ ಅಣುಗಳು, ಮೆದುಳಿನ ರಕ್ತತಡೆಯನ್ನು ಸಲೀಸಾಗಿ ದಾಟುತ್ತವೆ. ಒಳಗೆ ಹೋದ ಕೂಡಲೇ ನೀರಿನಲ್ಲಿ ಕರಗುವ ರೂಪಕ್ಕೆ ಬದಲಾಗಿ ವಾಪಸು ಬರಲಾಗದೆ ಅಲ್ಲಿಯೇ ಸಿಕ್ಕಿಬೀಳುತ್ತವೆ. ಇಂಜೆಕ್ಷನ್ ಆದ ಮೊದಲ ಒಂದೆರಡು ನಿಮಿಷದಲ್ಲಿ ರಕ್ತ ಹೇಗೆ ಹಂಚಿಹೋಗುತ್ತಿತ್ತೋ ಆ ಚಿತ್ರ ಹಾಗೇ ನಿಂತುಬಿಡುತ್ತದೆ. ಟೆಕ್ನೀಷಿಯಂ ಅರ್ಧಾಯು 6 ಗಂಟೆ, ಆದ್ದರಿಂದ ಒಂದು ಗಂಟೆ ಬಿಟ್ಟು ಚಿತ್ರ ತೆಗೆದರೂ ಅದು ಇಂಜೆಕ್ಷನ್ ಹೊತ್ತಿನ ಚಿತ್ರವೇ.

ಮೂರ್ಛೆರೋಗದವರಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಫಿಟ್ಸ್ ಶುರುವಾದ ಅರೆ ನಿಮಿಷದೊಳಗೆ ಇಂಜೆಕ್ಷನ್ ಕೊಟ್ಟು, ಫಿಟ್ಸ್ ನಿಂತು ರೋಗಿ ಸಮಾಧಾನವಾದ ಮೇಲೆ ನಿಧಾನವಾಗಿ ಸ್ಕ್ಯಾನ್‌ಗೆ ಕರೆತರಬಹುದು. ಕೆರಳಿದ ಜಾಗ ಚಿತ್ರದಲ್ಲಿ ಉರಿಯುತ್ತಿರುತ್ತದೆ. ಕಾಯುವುದೇ ಅಲ್ಲಿನ ಕಷ್ಟ. ಎಚ್‌ಎಂಪಿಎಒ ಬೆರೆಸಿದ ಮೇಲೆ ಸ್ಥಿರಕಾರಿ ಹಾಕದಿದ್ದರೆ ಅರ್ಧ ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಫಿಟ್ಸ್ ನಮ್ಮ ಗಡಿಯಾರ ನೋಡಿ ಬರುತ್ತದೆಯೇ? ಅಂಥ ಕೆಲಸಕ್ಕೆ ನಾನು ಇಸಿಡಿ ಪಕ್ಷದವನು, ಅದು ಗಂಟೆಗಟ್ಟಲೆ ಕೆಡದೆ ಇರುತ್ತದೆ.

ಮಬ್ಬು ಕೋಣೆಯ ಗುಟ್ಟೂ ಇದೇ. ಅಭಿಧಮನಿಗೆ ನಳಿಕೆಯನ್ನು ಹತ್ತು ನಿಮಿಷ ಮೊದಲೇ ಹಾಕಿಡುತ್ತೇವೆ. ಚುಚ್ಚಿದ ಗಾಬರಿ, ಕೊಠಡಿಯ ಮಾತುಕತೆ, ಮೊಬೈಲ್ ಬೆಳಕು ಎಲ್ಲವೂ ಚಿತ್ರದಲ್ಲಿ ಬರುತ್ತವೆ. ಬೆಳಿಗ್ಗೆ ಕಾಫಿ ಕುಡಿಯಬೇಡಿ ಎಂದಿರಬೇಕಲ್ಲ? ಕೆಫೀನ್ ಮೆದುಳಿನ ನಾಳಗಳನ್ನು ಬಿಗಿಯುತ್ತದೆ.

ಸಕುರಾಸಾಗರ

ತಡವಾಗಿ ನೋಡಿದೆ. ಊರು ಸಾಗರ, ಇರುವುದು ಜಪಾನಿನಲ್ಲಿ, ವೈದ್ಯಕೀಯ ಚಿತ್ರಗಳ ಸಾಫ್ಟ್‌ವೇರ್ ಬರೆಯುವ ಕೆಲಸ. ತುಂಗಾತೀರ ಅವರ ಕೊನೆಯ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ: ಸೂಜಿಯಿಲ್ಲದೆ ಅಂಕಿ ಪಡೆಯುವ ದಾರಿ ಇದೆಯೇ? ಇದೆ. 1992ರಿಂದ ಇದೆ.

ಹಿರೋಶಿ ಮತ್ಸುಡಾ ಮತ್ತು ಅವರ ಸಂಗಡಿಗರು ಅದನ್ನು ಎಚ್‌ಎಂಪಿಎಒಗೆ ರೂಪಿಸಿದರು. ಮೂರು ವರ್ಷದ ಮೇಲೆ ಇಸಿಡಿಗೂ ಹೊಂದಿಸಿದರು. ಪ್ಯಾಟ್ಲಾಕ್ ನಕ್ಷೆ ವಿಧಾನ ಎಂದು ಇಲ್ಲಿ ಎಲ್ಲರ ಬಾಯಲ್ಲಿರುವ ಹೆಸರು. ಮಾಡುವುದು ಇಷ್ಟು. ರೋಗಿಯನ್ನು ಗಾಮಾ ಕ್ಯಾಮೆರಾದ ಕೆಳಗೆ ತಲೆ ಮತ್ತು ಎದೆ ಎರಡೂ ಒಟ್ಟಿಗೆ ಕಾಣುವಂತೆ ಮಲಗಿಸುತ್ತಾರೆ. ಬಲಗೈಯ ಅಭಿಧಮನಿಗೆ ಔಷಧಿಯನ್ನು ಒಂದೇ ಸಲಕ್ಕೆ ರಭಸವಾಗಿ ಹಾಕುತ್ತಾರೆ. ಸೆಕೆಂಡಿಗೆ ಒಂದರಂತೆ ಒಂದೂವರೆ ಎರಡು ನಿಮಿಷ ಚಿತ್ರ ತೆಗೆಯುತ್ತಾರೆ. ಔಷಧಿ ಹೃದಯಕ್ಕೆ ಬಂದು, ಶ್ವಾಸಕೋಶ ಸುತ್ತಿ, ಮಹಾಪಧಮನಿಯ ಕಮಾನಿನಲ್ಲಿ ಹಾದು, ತಲೆಗೆ ಏರುವುದು ಪರದೆಯ ಮೇಲೆ ಕಾಣುತ್ತದೆ. ಕಮಾನಿನ ಮೇಲೆ ಒಂದು ಗುರುತು, ಎರಡು ಅರ್ಧಗೋಳಗಳ ಮೇಲೆ ಒಂದೊಂದು ಗುರುತು ಎಳೆದರೆ ಮೂರು ರೇಖೆಗಳು ಸಿಗುತ್ತವೆ. ಕಮಾನಿನ ರೇಖೆಯೇ ಅಪಧಮನಿಯ ರಕ್ತದ ಲೆಕ್ಕ. ಸೂಜಿ ಮಾಡುತ್ತಿದ್ದ ಕೆಲಸವನ್ನು ಕ್ಯಾಮೆರಾ ಮಾಡಿತು.

ಆಮೇಲೆ ಕಪ್ಪುಹಲಗೆ ಮೇಷ್ಟ್ರು ಹೇಳಿದ ಭಾಗಾಕಾರ. ಯಾವುದೇ ಕ್ಷಣದಲ್ಲಿ ಮೆದುಳಿನ ಎಣಿಕೆಯನ್ನು ಕಮಾನಿನ ಎಣಿಕೆಯಿಂದ ಭಾಗಿಸಿ ಒಂದು ಅಕ್ಷದಲ್ಲಿಡಿ. ಕಮಾನಿನಲ್ಲಿ ಅಲ್ಲಿಯವರೆಗೆ ಹಾದುಹೋದ ಮೊತ್ತವನ್ನು ಅದೇ ಕ್ಷಣದ ಎಣಿಕೆಯಿಂದ ಭಾಗಿಸಿ ಇನ್ನೊಂದು ಅಕ್ಷದಲ್ಲಿಡಿ. ಒಳಗೆ ಹೋದದ್ದು ಹೊರಬರದ ಪದಾರ್ಥವಾದರೆ ಬಿಂದುಗಳು ನೇರ ಗೆರೆಯಲ್ಲಿ ನಿಲ್ಲುತ್ತವೆ, ಗೆರೆಯ ಇಳಿಜಾರೇ ಒಳಹರಿವಿನ ದರ. ಮೆದುಳು, ರಕ್ತ ಎರಡನ್ನೂ ಒಂದೇ ಕ್ಯಾಮೆರಾ ಎಣಿಸುವುದರಿಂದ ಗಾಮಾಗಿರಿ ಅವರು ಹೇಳಿದ ತಾಳೆ ಹಾಕುವ ಕಾಟ ತಪ್ಪಿತು. ರಕ್ತ ತೆಗೆಯುವುದಿಲ್ಲ, ಬೇರೆ ಯಂತ್ರ ಬೇಡ, ಔಷಧಿಯೂ ಹೆಚ್ಚು ಬೇಡ, ಹೇಗೂ ಕೊಡುವ ಅದೇ ಇಂಜೆಕ್ಷನ್. ಈ ಎರಡು ನಿಮಿಷ ಮುಗಿದ ಮೇಲೆ ಯಥಾಪ್ರಕಾರ ಸ್ಪೆಕ್ಟ್.

ಕಪ್ಪುಹಲಗೆ

ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಕಡೆ ಬೇಗ ದಾಟಿಹೋದಿರಿ. ಇಳಿಜಾರಿನಿಂದ ಸಿಗುವುದು ಒಂದು ಸೂಚ್ಯಂಕ. ಅದು ಮಿಲಿಲೀಟರ್ ಆಗುವುದು ಹೇಗೆ? ಎದೆಯ ಆಳದಲ್ಲಿರುವ ಕಮಾನನ್ನೂ ತಲೆಬುರುಡೆಯ ಒಳಗಿನ ಮೆದುಳನ್ನೂ ಒಂದೇ ಚಪ್ಪಟೆ ಚಿತ್ರದಲ್ಲಿ ನೋಡುತ್ತಿದ್ದೀರಿ. ಮಧ್ಯದಲ್ಲಿರುವ ಮಾಂಸ, ಮೂಳೆ ಹೀರಿಕೊಳ್ಳುವ ಗಾಮಾ ಕಿರಣ ಎರಡೂ ಕಡೆ ಒಂದೇ ಆಗಿರುವುದಿಲ್ಲ. ದಪ್ಪ ಎದೆಯವರಿಗೂ ಸಣಕಲರಿಗೂ ಒಂದೇ ಲೆಕ್ಕವೇ?

ಸಕುರಾಸಾಗರ

ಮೇಷ್ಟ್ರು ಬಿಡುವವರಲ್ಲ ಎಂದು ಗೊತ್ತಿತ್ತು. ಸೂಚ್ಯಂಕವನ್ನು ಮಿಲಿಲೀಟರ್‌ಗೆ ತಿರುಗಿಸುವುದು ಹೋಲಿಕೆಯ ಸಮೀಕರಣದಿಂದ. ಅದೇ ರೋಗಿಗಳಿಗೆ ಕ್ಸೆನಾನ್-133 ಸ್ಪೆಕ್ಟ್ ಕೂಡ ಮಾಡಿ, ಎರಡಕ್ಕೂ ಇರುವ ಸಂಬಂಧವನ್ನು ಒಂದು ಗೆರೆಯಾಗಿ ಕಂಡುಕೊಂಡರು. ಆ ಗೆರೆಯನ್ನೇ ಮುಂದೆ ಬಂದವರಿಗೆಲ್ಲ ಬಳಸುತ್ತಾರೆ. ಆದ್ದರಿಂದ ಅಂಕಿ ಅರ್ಧ ಅಳೆದದ್ದು, ಅರ್ಧ ಕಡ ತಂದದ್ದು. ಎದೆಯ ದಪ್ಪದ ತಕರಾರು ಪೂರ್ತಿ ಸರಿ.

ಇನ್ನೂ ಇವೆ. ಕಮಾನಿನ ಮೇಲೆ ಗುರುತು ಎಳೆಯುವ ಕೈ ಬದಲಾದರೆ ಅಂಕಿ ಕೊಂಚ ಬದಲಾಗುತ್ತದೆ. ಹೃದಯ ದುರ್ಬಲವಿದ್ದು ಔಷಧಿ ಎಳೆದೆಳೆದು ಬಂದರೆ ರೇಖೆ ಚಪ್ಪಟೆಯಾಗಿ ನೇರ ಗೆರೆ ಹೊಂದಿಸುವುದು ಕಷ್ಟ. ಹರಿವು ಜೋರಿದ್ದಲ್ಲಿ ಎಚ್‌ಎಂಪಿಎಒ ಸಿಕ್ಕಿಬೀಳುವ ಮೊದಲೇ ಒಂದಿಷ್ಟು ಹೊರಗೆ ಜಾರುತ್ತದೆ, ಹಾಗಾಗಿ ಹೆಚ್ಚಿನ ಹರಿವನ್ನು ಅದು ಕಡಿಮೆ ಮಾಡಿ ತೋರಿಸುತ್ತದೆ. ಇದಕ್ಕೆ ಮೇಷ್ಟ್ರು ಹೆಸರಿಸಿದ ಅದೇ ಲಾಸೆನ್ ಒಂದು ತಿದ್ದುಪಡಿ ಸೂತ್ರ ಕೊಟ್ಟಿದ್ದಾರೆ, ಎಲ್ಲ ಸಾಫ್ಟ್‌ವೇರ್‌ನಲ್ಲೂ ಅದು ಕೂತಿರುತ್ತದೆ. ಅಸೆಟಜೋಲಮೈಡ್ ಕೊಟ್ಟು ಹರಿವು ಏರಿಸಿದಾಗ ಈ ದೋಷ ಹೆಚ್ಚು ಕಾಡುತ್ತದೆ ಎಂಬುದನ್ನು ಮರೆಯಬಾರದು.

ಮಧ್ಯಮ ದಾರಿಯೂ ಒಂದಿದೆ. ಅಯೋಡಿನ್-123 ಜೋಡಿಸಿದ ಐಎಂಪಿ ಎಂಬ ಔಷಧಿಗೆ ಇಲ್ಲಿಯೇ ಇಯಿಡಾ ಮತ್ತು ಸಂಗಡಿಗರು 1994ರಲ್ಲಿ ರೂಪಿಸಿದ ವಿಧಾನದಲ್ಲಿ ಅಪಧಮನಿಯ ರಕ್ತ ಒಂದೇ ಸಲ ತೆಗೆದರೆ ಸಾಕು. ರಕ್ತದ ರೇಖೆಯ ಆಕಾರ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ, ಎತ್ತರ ಮಾತ್ರ ಬೇರೆ, ಆ ಎತ್ತರವನ್ನು ಒಂದು ಮಾದರಿಯಿಂದ ಹಿಡಿಯಬಹುದು ಎಂಬುದು ಅದರ ತರ್ಕ. ನಿಖರತೆಯಲ್ಲಿ ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಆದರೆ ಅಯೋಡಿನ್-123 ಸೈಕ್ಲೋಟ್ರಾನ್‌ನಲ್ಲಿ ತಯಾರಾಗಬೇಕು, ಅರ್ಧಾಯು 13 ಗಂಟೆ ಚಿಲ್ಲರೆ. ಆಸ್ಪತ್ರೆಯಲ್ಲೇ ದಿನವೂ ಜನರೇಟರ್ ಎಂಬ ಪುಟ್ಟ ಉಪಕರಣದಿಂದ ಹಸುವಿನ ಹಾಲಿನಂತೆ ಕರೆದುಕೊಳ್ಳುವ ಟೆಕ್ನೀಷಿಯಂನಂತೆ ಅದು ಕೈಗೆ ಸಿಗುವುದಿಲ್ಲ.

ನರಮಂಡಲ

ಈಗ ನನ್ನ ಸರದಿ. ಅಂಕಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಆಮೇಲೆ? ರೋಗಿಗೆ ಅದರಿಂದ ಏನಾಯಿತು ಎಂದು ಕೇಳುವುದು ನನ್ನ ಕೆಲಸ.

ನೆತ್ತಿಯ ಅಪಧಮನಿಯನ್ನು ಮೆದುಳಿನ ಅಪಧಮನಿಗೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ತೆಗೆದುಕೊಳ್ಳಿ. 1985ರಲ್ಲಿ 1377 ರೋಗಿಗಳ ದೊಡ್ಡ ಅಧ್ಯಯನ ಬಂತು, ಪ್ರಯೋಜನವಿಲ್ಲ ಎಂದಿತು. ರಕ್ತಹರಿವನ್ನು ಅಳೆಯದೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದಿರಿ, ನಿಜವಾಗಿ ರಕ್ತ ಸಾಲದವರನ್ನು ಆರಿಸಿದ್ದರೆ ಗುಣ ಕಾಣುತ್ತಿತ್ತು ಎಂದು ಆಕ್ಷೇಪ ಬಂತು. ಸರಿ, ಅಮೆರಿಕದಲ್ಲಿ ಕಾಸ್ ಎಂಬ ಅಧ್ಯಯನ ಶುರುವಾಯಿತು. ಆಕ್ಸಿಜನ್-15 ಪೆಟ್ ಮಾಡಿ, ಮೆದುಳು ರಕ್ತದಿಂದ ಎಂದಿಗಿಂತ ಹೆಚ್ಚು ಆಮ್ಲಜನಕ ಹಿಂಡಿಕೊಳ್ಳುತ್ತಿರುವವರನ್ನೇ ಆರಿಸಿದರು. 2011ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 21, ಆಗದವರಲ್ಲಿ ಶೇ. 22.7 ಮಂದಿಗೆ ತೊಂದರೆ. ವ್ಯತ್ಯಾಸವಿಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲೇ ಶೇ. 14.4 ಮಂದಿಗೆ ಪಾರ್ಶ್ವವಾಯು ಬಡಿದಿತ್ತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಸಕುರಾಸಾಗರ

ಡಾಕ್ಟರರೇ, ಕಾಸ್ ಅಧ್ಯಯನದಲ್ಲಿ ಆರಿಸಿದ್ದು ಹೇಗೆ ಎಂಬುದನ್ನೂ ಹೇಳಿ. ಅಲ್ಲಿಯೂ ಅಪಧಮನಿಯ ಸೂಜಿ ಬೇಡ ಎಂದು, ಮುಚ್ಚಿದ ಕಡೆಯನ್ನು ಎದುರು ಬದಿಗೆ ಹೋಲಿಸಿದ ಅನುಪಾತವನ್ನೇ ನೆಚ್ಚಿಕೊಂಡರು. ಆ ಅನುಪಾತ ಸರಿಯಾದವರನ್ನು ಆರಿಸಿತೇ ಎಂಬ ಪ್ರಶ್ನೆಯನ್ನು ಆಮೇಲೆ ಹಲವರು ಎತ್ತಿದ್ದಾರೆ. ತುಂಗಾತೀರ ಅವರು ಮೊದಲ ಸಾಲಿನಲ್ಲಿ ಎತ್ತಿದ್ದೂ ಅದೇ ಅಲ್ಲವೇ? ಇದೇ ಬೈಪಾಸ್ ಬಗ್ಗೆ ನಡೆದ ಜಪಾನಿನ ಜೆಟ್ ಅಧ್ಯಯನದಲ್ಲಿ ರೋಗಿಗಳನ್ನು ಆರಿಸಲು ವಿಶ್ರಾಂತಿಯ ಹರಿವು ಸಾಮಾನ್ಯದ ಶೇ. 80ಕ್ಕಿಂತ ಕಡಿಮೆ, ಔಷಧಿ ಕೊಟ್ಟಾಗಿನ ಏರಿಕೆ ಶೇ. 10ಕ್ಕಿಂತ ಕಡಿಮೆ ಎಂದು ಅಂಕಿಯಲ್ಲೇ ಗಡಿ ಹಾಕಿದ್ದರು. ಅದಕ್ಕೇ ಇಲ್ಲಿ ಅಂಕಿಯ ಮೇಲೆ ಇಷ್ಟು ಪ್ರೀತಿ. ಮೊಯಾಮೊಯಾ ಕಾಯಿಲೆ ಇಲ್ಲಿ ಹೆಚ್ಚು ಎಂಬುದೂ ಒಂದು ಕಾರಣ. ಅದರಲ್ಲಿ ಎರಡೂ ಬದಿಯ ನಾಳಗಳು ಕಿರಿದಾಗುತ್ತವೆ, ಹೋಲಿಸಿ ನೋಡಲು ಒಳ್ಳೆಯ ಬದಿಯೇ ಉಳಿದಿರುವುದಿಲ್ಲ.

ನರಮಂಡಲ

ಒಪ್ಪಿದೆ, ಎರಡೂ ಬದಿ ಕಾಯಿಲೆ ಇದ್ದಾಗ ಅಂಕಿಗೆ ಬೆಲೆಯಿದೆ. ಆದರೆ ಮೊದಲ ತಿಂಗಳ ಶೇ. 14.4ನ್ನು ಯಾವ ಅಂಕಿಯೂ ಅಳಿಸಲಾರದು. ಅಳತೆ ಸುಧಾರಿಸಿದ ಮಾತ್ರಕ್ಕೆ ಕತ್ತರಿ ಸುಧಾರಿಸುವುದಿಲ್ಲ.

ಅರೆಜ್ಞಾನಿ

ಕತ್ತರಿಯ ಮಾತು ಹಾಗಿರಲಿ, ವಿಕಿರಣದ ಮಾತು ಯಾರೂ ಎತ್ತಲಿಲ್ಲ. ಎರಡೆರಡು ಸಲ ಇಂಜೆಕ್ಷನ್ ಎಂದರೆ ಆ ಅಮ್ಮನ ಗತಿ?

ಗಾಮಾಗಿರಿ

740 ಮೆಗಾಬೆಕೆರೆಲ್ ಎಚ್‌ಎಂಪಿಎಒ ಕೊಟ್ಟರೆ ದೇಹಕ್ಕೆ ಬೀಳುವುದು ಸುಮಾರು 7 ಮಿಲಿಸೀವರ್ಟ್, ಇಸಿಡಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ತಲೆಯ ಸಿಟಿ ಸ್ಕ್ಯಾನ್ ಸುಮಾರು 2. ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಬರುತ್ತದೆ. 68 ವರ್ಷದ, ಪಾರ್ಶ್ವವಾಯುವಿನ ಅಂಚಿನಲ್ಲಿರುವವರಿಗೆ ಇದು ಹೆದರುವ ಪ್ರಮಾಣವಲ್ಲ. ಸಣ್ಣ ಮಕ್ಕಳಿಗಾದರೆ ನಾನೂ ಎರಡು ಸಲ ಯೋಚಿಸುತ್ತೇನೆ, ಔಷಧಿಯನ್ನೂ ತೂಕಕ್ಕೆ ತಕ್ಕಂತೆ ಇಳಿಸುತ್ತೇವೆ.

ಪಾಸಿಟ್ರಾನ್_ಪುಟ್ಟಿ

ಪೆಟ್ ಕಡೆಯಿಂದ ಒಂದು ಮಾತು, ನಾನು ಸಂಶೋಧನಾ ವಿದ್ಯಾರ್ಥಿನಿ. ಹರಿವಿನ ಅಳತೆಗೆ ಆಕ್ಸಿಜನ್-15 ಸೇರಿದ ನೀರೇ ಚಿನ್ನದ ಅಳತೆಗೋಲು ಎನ್ನುತ್ತಾರೆ. ನೀರು ತಾನೇ, ಮೆದುಳಿಗೆ ಸಲೀಸಾಗಿ ಹೋಗುತ್ತದೆ, ಬರುತ್ತದೆ. ಅರ್ಧಾಯು ಎರಡೇ ನಿಮಿಷ. ಹತ್ತು ನಿಮಿಷ ಕಾದರೆ ಮತ್ತೆ ಅಳೆಯಬಹುದು, ವಿಕಿರಣವೂ ಬಹಳ ಕಡಿಮೆ. ಸೈಕ್ಲೋಟ್ರಾನ್ ಪಕ್ಕದ ಕೋಣೆಯಲ್ಲೇ ಇರಬೇಕು ಎಂಬುದು ಅದರ ಶಾಪ.

ಇಲ್ಲಿಯೂ ಸೂಜಿ ತಪ್ಪಿಸಲು ಮೊದಲು ಪ್ರಯತ್ನಿಸಿದ್ದು ಕತ್ತಿನ ಕ್ಯಾರಟಿಡ್ ಚಿತ್ರದಿಂದಲೇ ರಕ್ತದ ರೇಖೆ ತೆಗೆಯುವುದನ್ನು. ಆ ನಾಳದ ಒಳಅಗಲ 5 ಮಿಲಿಮೀಟರ್ ಆಸುಪಾಸು, ಸ್ಕ್ಯಾನರ್ ಬೇರ್ಪಡಿಸಿ ನೋಡಬಲ್ಲ ಅಂತರವೂ ಸುಮಾರು ಅಷ್ಟೇ. ನಾಳದ ಎಣಿಕೆ ಸುತ್ತಲಿನ ಮಾಂಸಕ್ಕೆ ಸೋರಿ, ಸುತ್ತಲಿನದು ನಾಳಕ್ಕೆ ಸೋರಿ, ರೇಖೆ ಮೊಂಡಾಗುತ್ತಿತ್ತು. ಮಹಾಪಧಮನಿ ಎರಡು ಸೆಂಟಿಮೀಟರಿಗೂ ಅಗಲ, ಅದನ್ನು ನೋಡಿದರೆ ಈ ತೊಂದರೆಯಿಲ್ಲ. ಆದರೆ ಹಳೆಯ ಸ್ಕ್ಯಾನರಿನ ಉಂಗುರ ಗಿಡ್ಡ, ತಲೆ ನೋಡಿದರೆ ಎದೆ ಕಾಣದು.

ಈಗ ಉದ್ದನೆಯ ಸ್ಕ್ಯಾನರುಗಳು ಬಂದಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡದ ಎಕ್ಸ್‌ಪ್ಲೋರರ್ 194 ಸೆಂಟಿಮೀಟರ್ ಉದ್ದ, 2018ರಲ್ಲಿ ಅದರ ಮೊದಲ ಮಾನವ ಚಿತ್ರಗಳು ಬಂದವು. ಸೀಮೆನ್ಸ್‌ನ ಕ್ವಾಡ್ರಾ 106 ಸೆಂಟಿಮೀಟರ್. ಎದೆಯ ಮಹಾಪಧಮನಿ ಮತ್ತು ಮೆದುಳು ಒಂದೇ ನೋಟದಲ್ಲಿ, ಅದೂ ಮೂರು ಆಯಾಮದಲ್ಲಿ, ಮಾಂಸ ಮೂಳೆ ಹೀರಿಕೊಂಡದ್ದಕ್ಕೆ ಸಿಟಿಯಿಂದ ತಿದ್ದುಪಡಿ ಸಮೇತ ಸಿಗುತ್ತವೆ. ಸಕುರಾಸಾಗರ ಅವರು ಹೇಳಿದ 1992ರ ಉಪಾಯವೇ ಇಲ್ಲಿ ಮೇಷ್ಟ್ರ ಆಕ್ಷೇಪಗಳಿಗೆ ಉತ್ತರ ಹೊತ್ತು ಬಂದಿದೆ. ಕೋಟಿಗಟ್ಟಲೆ ಬೆಲೆಯ ಉತ್ತರ, ಅದು ಬೇರೆ ಮಾತು.

ಕಪ್ಪುಹಲಗೆ

ಪುಟ್ಟಿ, ಶಹಬಾಸ್. ಆದರೂ ಎದೆಯಿಂದ ತಲೆಗೆ ರಕ್ತ ತಲುಪಲು ಹಿಡಿಯುವ ಸೆಕೆಂಡುಗಳನ್ನು ಲೆಕ್ಕದಲ್ಲಿ ಕಳೆಯಬೇಕು. ಕ್ಯಾರಟಿಡ್ ಮುಚ್ಚಿದವರಲ್ಲಿ ಆ ತಡ ಒಂದೊಂದು ಭಾಗಕ್ಕೆ ಒಂದೊಂದು.

ತುಂಗಾತೀರ

ಇಷ್ಟನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಒಂದು ಕಡೆ ಎಂಆರ್‌ಐನಲ್ಲೇ ಇಂಜೆಕ್ಷನ್ ಇಲ್ಲದೆ ರಕ್ತಹರಿವು ಅಳೆಯುತ್ತೇವೆ ಎಂದರು. ಅದನ್ನು ಮಾಡಿಸಬಹುದೇ? ಅಮ್ಮನಿಗೆ ಸಲ್ಫಾ ಮಾತ್ರೆಗೆ ಮೈ ತುಂಬ ಗಂಧೆ ಏಳುತ್ತದೆ, ಅಸೆಟಜೋಲಮೈಡ್ ಕೊಡಬಹುದೇ?

ನರಮಂಡಲ

ಸಲ್ಫಾ ವಿಷಯ ಇಂದೇ ನಿಮ್ಮ ವೈದ್ಯರಿಗೆ ತಿಳಿಸಿ, ಫೈಲಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಸಿ. ಅಸೆಟಜೋಲಮೈಡ್ ಅದೇ ಗುಂಪಿನ ಅಣು. ಕೊಡಬೇಕೋ ಬೇಡವೋ ಎಂಬುದನ್ನು ಎದುರಿಗಿದ್ದು ಪರೀಕ್ಷಿಸುವವರೇ ನಿರ್ಧರಿಸಬೇಕು, ಇಲ್ಲಿ ನಾನು ಹೇಳುವಂತಿಲ್ಲ.

ಎಂಆರ್‌ಐ ಬಗ್ಗೆ: ಎಎಸ್‌ಎಲ್ ಎಂಬ ವಿಧಾನ. ಕತ್ತಿನಲ್ಲಿ ಹರಿಯುವ ರಕ್ತದ ನೀರಿಗೆ ಕಾಂತಕ್ಷೇತ್ರದಿಂದಲೇ ಗುರುತು ಹಾಕಿ ಮೆದುಳಿನಲ್ಲಿ ಹುಡುಕುತ್ತಾರೆ. ಸೂಜಿಯೂ ಇಲ್ಲ, ವಿಕಿರಣವೂ ಇಲ್ಲ, ಅಂಕಿಯೂ ಬರುತ್ತದೆ. ಆದರೆ ಆ ಗುರುತು ಒಂದೂವರೆ ಎರಡು ಸೆಕೆಂಡಿನಲ್ಲಿ ಮಾಸತೊಡಗುತ್ತದೆ. ನಿಮ್ಮ ಅಮ್ಮನಂಥವರಲ್ಲಿ ಎಡಕ್ಕೆ ರಕ್ತ ಬರುವುದು ಸುತ್ತು ಬಳಸಿನ ದಾರಿಯಿಂದ, ತಡವಾಗಿ. ಬಂದು ಮುಟ್ಟುವ ಹೊತ್ತಿಗೆ ಗುರುತು ಮಾಸಿ, ಇರುವ ಹರಿವನ್ನೂ ಯಂತ್ರ ಇಲ್ಲವೆನ್ನಬಹುದು. ಯಾರಿಗೆ ಅಳತೆ ಹೆಚ್ಚು ಬೇಕೋ ಅವರಲ್ಲೇ ಅದು ಎಡವುತ್ತದೆ. ಕಾಯುವ ಹೊತ್ತನ್ನು ಬದಲಿಸಿ ಹಲವು ಸಲ ತೆಗೆಯುವ ಕ್ರಮವಿದೆ, ಆ ಕೇಂದ್ರದಲ್ಲಿ ಅದನ್ನು ಮಾಡುತ್ತಾರೆಯೇ ಎಂದು ಕೇಳಿ ನೋಡಿ.

ಇನ್ನೊಂದು, ಕೈಮುಗಿದು ಹೇಳುತ್ತೇನೆ. ಬಿಪಿ ಮಾತ್ರೆಯನ್ನು ನೀವಾಗಿಯೇ ಏರಿಸಬೇಡಿ, ನಿಲ್ಲಿಸಲೂ ಬೇಡಿ. ಎರಡೂ ಕಡೆ ಕಿರಿದಾದ ನಾಳ ಇರುವವರಲ್ಲಿ ಒತ್ತಡ ಹಠಾತ್ತಾಗಿ ಇಳಿದರೆ ಮೆದುಳಿಗೆ ನೇರ ಪೆಟ್ಟು.

ಕೊಡಚಾದ್ರಿ_ಕಣಿವೆ

ಬೇರೆ ಪ್ರಶ್ನೆ, ಇದೇ ವಿಷಯಕ್ಕೆ ಸೇರಿದ್ದು. ಪ್ಯಾಟ್ಲಾಕ್ ವಿಧಾನದಲ್ಲಿ ಬಲಗೈಗೇ ಏಕೆ? ನನ್ನ ಪತ್ನಿಗೆ ಬಲಸ್ತನದ ಶಸ್ತ್ರಚಿಕಿತ್ಸೆಯಾಗಿದೆ, ಆ ಕೈಗೆ ಸೂಜಿ ಹಾಕಬಾರದು ಎಂದಿದ್ದಾರೆ.

ಸಕುರಾಸಾಗರ

ಎಡಗೈಯಿಂದ ಬರುವ ದೊಡ್ಡ ಅಭಿಧಮನಿ ಮಹಾಪಧಮನಿಯ ಕಮಾನಿನ ಹತ್ತಿರದಲ್ಲೇ ಅಡ್ಡಲಾಗಿ ಹಾದುಹೋಗುತ್ತದೆ. ಚಪ್ಪಟೆ ಚಿತ್ರದಲ್ಲಿ ಎರಡೂ ಒಂದರ ಮೇಲೊಂದು ಬಿದ್ದು, ಮೆದುಳಿಗೆ ಇನ್ನೂ ಹೊರಡದ ಔಷಧಿಯೂ ಕಮಾನಿನ ಲೆಕ್ಕಕ್ಕೆ ಸೇರಿಬಿಡುವ ಭಯವಿದೆ. ಅದಕ್ಕೇ ಬಲಗೈ.

ಗಾಮಾಗಿರಿ

ಅಂಥವರಿಗೆ ನಾನಾದರೆ ಅಂಕಿಯ ಆಸೆ ಬಿಟ್ಟು ಎಡಗೈಗೇ ಹಾಕಿ ಸಾಮಾನ್ಯ ಸ್ಪೆಕ್ಟ್ ಮಾಡುತ್ತೇನೆ, ವರದಿಯಲ್ಲಿ ಕಾರಣವನ್ನೂ ಬರೆಯುತ್ತೇನೆ. ಸ್ಕ್ಯಾನ್ ದಿನ ನೋಂದಣಿ ಕೌಂಟರಿನಲ್ಲೇ ಶಸ್ತ್ರಚಿಕಿತ್ಸೆಯ ವಿಷಯ ಹೇಳಿಬಿಡಿ, ನಳಿಕೆ ಹಾಕಲು ಸಿಸ್ಟರ್ ಬರುವವರೆಗೆ ಕಾಯಬೇಡಿ.